ಹೊಸ್ತಿಲ ಮೇಲಿನ ಪೆಟ್ಟಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ಸೇರಿತು. ಮನೆಗೆ ಬಂದ ಇಂಟರ್ನೆಟ್ಟನ್ನು ಕೋಣೆಕೋಣೆಗೆ ಹಂಚುವ ರೂಟರು ಎಂಬ ಪೆಟ್ಟಿಗೆಯನ್ನು ಕಂಪನಿಯವರು ಕೊಟ್ಟ ಹಾಗೆಯೇ ಇಟ್ಟುಕೊಳ್ಳುವುದೋ, ಅಥವಾ ನಾವೇ ಒಂದನ್ನು ಕಟ್ಟಿಕೊಳ್ಳುವುದೋ ಎಂಬುದು ಅಲ್ಲಿಯ ವಿಷಯ. ಪಂಚರು ಮೂವರು: ನಾನು, ನನ್ನ ಹೆಂಡತಿ, ಮತ್ತು ನಮ್ಮಲ್ಲಿದ್ದುಕೊಂಡು ಎಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದ ನನ್ನ ಅಣ್ಣನ ಮಗ.

ವ್ಯಾಜ್ಯಕ್ಕೆ ಕಾರಣ ನನ್ನ ತಾಯಿ. ಅವರು ಸಾಗರದ ಬಳಿಯ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿರುತ್ತಾರೆ. ಎಪ್ಪತ್ತೈದು ದಾಟಿದವರು, ಕಿವಿ ಸ್ವಲ್ಪ ಮಂದ. ದಿನವೂ ರಾತ್ರಿ ಎಂಟಕ್ಕೆ ವಿಡಿಯೋ ಕರೆಯಲ್ಲಿ ಅವರೊಡನೆ ಮಾತಾಡುವುದು ನಮ್ಮ ನೇಮ. ಕೆಲವು ತಿಂಗಳಿಂದ ನಾವಾಡಿದ ಮಾತು ತುಂಡುತುಂಡಾಗಿ ಹೋಗತೊಡಗಿತ್ತು. ಕಂಪನಿಗೆ ದೂರು ಕೊಟ್ಟರೆ, ಇನ್ನೂ ವೇಗದ ಯೋಜನೆಗೆ ಹಣ ಕಟ್ಟಿ ಎಂದರು. ಕಟ್ಟಿದೆವು. ಬಿಲ್ಲು ಹೆಚ್ಚಿತು, ಮಾತು ಸುಧಾರಿಸಲಿಲ್ಲ. ಒಂದು ರಾತ್ರಿ ಅಮ್ಮ, “ನೀ ಹೇಳೋದು ಎಂತದೂ ತಿಳಿಯೋದಿಲ್ಲ ಮಾರಾಯ, ಸುಮ್ನೆ ಮುಖ ತೋರ್ಸು, ಸಾಕು” ಎಂದುಬಿಟ್ಟರು. ಅಂದು ನನಗೆ ಊಟ ಸೇರಲಿಲ್ಲ.

ಹುಡುಗ ಎರಡು ದಿನ ಅದೇನೋ ಅಳೆದು ನೋಡಿ, “ಚಿಕ್ಕಪ್ಪ, ವೇಗಕ್ಕೆ ಏನೂ ಆಗಿಲ್ಲ. ಎಂಟು ಗಂಟೆಗೆ ಸರಿಯಾಗಿ ಚಿಕ್ಕಮ್ಮನ ಫೋನು ದಿನದ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸೋಕೆ ಶುರುಮಾಡುತ್ತೆ. ಅಜ್ಜಿಗೆ ಹೋಗೋ ಮಾತು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತೆ. ಕಂಪನಿ ಪೆಟ್ಟಿಗೆಗೆ ಸಾಲು ನೋಡಿಕೊಳ್ಳೋ ಬುದ್ಧಿ ಇಲ್ಲ. ನಾವೇ ಒಂದು ರೂಟರ್ ಕಟ್ಟೋಣ” ಎಂದ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿ, ಅದಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡು ಕೂಡಿಸಿ, ಬಿಟ್ಟಿಯಾಗಿ ದೊರೆಯುವ ತಂತ್ರಾಂಶವನ್ನು ತುಂಬುವುದು ಅವನ ಯೋಜನೆ.

ನಾನು ಕನ್ನಡದ ಮೇಷ್ಟರು. ಯಾವ ಪದ ಎದುರಾದರೂ ಅದರ ಧಾತು ಹುಡುಕುವುದು ನನ್ನ ಚಟ. ತೀರ್ಪು ಕೊಡುವ ಮೊದಲು ಈ ಪೆಟ್ಟಿಗೆಯ ಪೂರ್ವೋತ್ತರವನ್ನು ತಿಳಿಯಬೇಕೆಂದು ಒಂದು ವಾರ ಕಾಲಾವಕಾಶ ಕೇಳಿದೆ. ಓದಿದಂತೆಲ್ಲ ಒಂದು ಸೋಜಿಗ ಕಂಡಿತು. ನಮ್ಮ ಮನೆಯ ಪಂಚಾಯಿತಿ ಹೊಸದೇನಲ್ಲ. ಈ ಪೆಟ್ಟಿಗೆ ಹುಟ್ಟಿದ ಮೊದಲ ದಿನದಿಂದಲೂ ಇದೇ ಜಗಳ ನಡೆದು ಬಂದಿದೆ. ಪೆಟ್ಟಿಗೆ ಇರುವುದು ನನ್ನ ಮನೆಯಲ್ಲಿ. ಅದರ ಬೀಗದ ಕೈ ಇರಬೇಕಾದದ್ದು ಯಾರ ಹತ್ತಿರ?

ರೂಟರಿನ ಕೆಲಸವನ್ನು ನಮ್ಮ ಹಿರಿಯರಿಗೆ ಹೇಳುವುದು ಕಷ್ಟವಲ್ಲ. ಅಂಚೆ ಎಂದರೆ ಸಾಕು. ಇಂಟರ್ನೆಟ್ಟಿನಲ್ಲಿ ಮಾತಾಗಲಿ ಚಿತ್ರವಾಗಲಿ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ, ಒಂದೊಂದರ ಮೇಲೂ ವಿಳಾಸ ಹೊತ್ತು ಹೋಗುತ್ತದೆ. ದಾರಿ ಕೂಡುವಲ್ಲಿ ಕುಳಿತು, ವಿಳಾಸ ಓದಿ, ಇದು ಆ ಕಡೆಗೆ, ಅದು ಈ ಕಡೆಗೆ ಎಂದು ಕಳಿಸುವವನೇ ರೂಟರು. ಅಂಚೆ ಎಂದೊಡನೆ ಮೈಸೂರಿನವರಿಗೆ ಚಿಕ್ಕದೇವರಾಜ ಒಡೆಯರ ನೆನಪು ಬರಬೇಕು. ೧೭ನೆಯ ಶತಮಾನದಲ್ಲಿ ಅವರು ನಡೆಸಿದ ಅಂಚೆ, ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಗುವವರೆಗೂ ಬಾಳಿತು. ಆ ಅಂಚೆಯವರು ಪತ್ರ ಮುಟ್ಟಿಸಿ ಸುಮ್ಮನಿರುತ್ತಿರಲಿಲ್ಲ. ಊರಿನ ಸಮಾಚಾರವನ್ನು ಗುಟ್ಟಾಗಿ ಅರಮನೆಗೂ ಮುಟ್ಟಿಸುತ್ತಿದ್ದರು ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. ವಿಳಾಸ ಓದುವವನ ಕೈಯಲ್ಲಿ ಎಷ್ಟು ಅಧಿಕಾರವಿದೆಯೆಂಬುದನ್ನು ಅರಸರು ಅಂದೇ ಅರಿತಿದ್ದರು.

ಈಗಿನ ರೂಟರುಗಳ ಮೂಲಪುರುಷ ಹುಟ್ಟಿದ್ದು ೧೯೬೯ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನ ಬಿಬಿಎನ್ ಎಂಬ ಸಂಸ್ಥೆಯಲ್ಲಿ. ಅಲ್ಲಿನ ರಕ್ಷಣಾ ಇಲಾಖೆಯ ಹಣದಿಂದ ಅರ್ಪಾನೆಟ್ ಎಂಬ ಜಾಲ ಕಟ್ಟುವ ಕೆಲಸ ನಡೆದಿತ್ತು. ಊರೂರಿನ ದೊಡ್ಡ ಕಂಪ್ಯೂಟರುಗಳ ಮುಂದೆ ದ್ವಾರಪಾಲಕನಂತೆ ನಿಲ್ಲಲು ‘ಇಂಪ್’ ಎಂಬ ಯಂತ್ರವನ್ನು ಫ್ರಾಂಕ್ ಹಾರ್ಟ್ ಎಂಬಾತನ ತಂಡ ಕಟ್ಟಿತು. ಹನಿವೆಲ್ ಕಂಪನಿಯ ಕಂಪ್ಯೂಟರೊಂದನ್ನು ಹಿಡಿದು ತಿದ್ದಿ ಮಾಡಿದ್ದು. ಗಾತ್ರದಲ್ಲಿ ದೊಡ್ಡ ಬೀರುವಿನಷ್ಟು, ತೂಕ ೪೦೦ ಕಿಲೋಗ್ರಾಮಿಗೂ ಮೇಲೆ. ಆಗಸ್ಟ್ ತಿಂಗಳ ಕೊನೆಯಲ್ಲಿ ಮೊದಲನೆಯದು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯಕ್ಕೆ ಹೋಯಿತು. ಅಕ್ಟೋಬರ್ ೨೯ರ ರಾತ್ರಿ ಅಲ್ಲಿಂದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳಿಸಲು ಹೊರಟರು. ಎರಡು ಅಕ್ಷರ ದಾಟುವಷ್ಟರಲ್ಲಿ ಆಚೆ ಕಡೆಯ ಕಂಪ್ಯೂಟರು ಕುಸಿಯಿತು. ಎಲ್ಲ ಶುಭಕಾರ್ಯಗಳಲ್ಲೂ ಮೊದಲ ಸೌಟು ಕೆಳಗೆ ಚೆಲ್ಲುತ್ತದೆ.

ನನ್ನ ಗಮನ ಸೆಳೆದದ್ದು ಈ ಪ್ರಸಂಗವಲ್ಲ. ಹಾರ್ಟನಿಗಿದ್ದ ಒಂದು ಹೆದರಿಕೆ. ತನ್ನ ಯಂತ್ರ ಹೋಗಿ ಕೂರುವುದು ವಿಶ್ವವಿದ್ಯಾನಿಲಯಗಳಲ್ಲಿ. ಅಲ್ಲಿಯ ವಿದ್ಯಾರ್ಥಿಗಳು ಅದನ್ನು ಬಿಚ್ಚಿ ಕೈಯಾಡಿಸದೆ ಬಿಟ್ಟಾರೆಯೇ ಎಂಬ ಚಿಂತೆ ಆತನಿಗೆ. ಅದಕ್ಕೇ ಉಕ್ಕಿನ ಗಟ್ಟಿ ಕವಚ ತೊಡಿಸಿದ. ಯಂತ್ರದ ಯೋಗಕ್ಷೇಮವನ್ನು ನೋಡಿಕೊಳ್ಳುವುದೆಲ್ಲ ಕೇಂಬ್ರಿಜ್ಜಿನಿಂದಲೇ, ತಂತಿಯ ಮೂಲಕ. ಕ್ಯಾಲಿಫೋರ್ನಿಯದ ದೂರವಾಣಿ ತಂತಿಯಲ್ಲಿ ದೋಷವಿದೆಯೆಂದು ಮೂರು ಸಾವಿರ ಮೈಲಿ ದೂರದಿಂದ ಇವರು ತಿಳಿಸಿದಾಗ ಅಲ್ಲಿಯ ದೂರವಾಣಿಯವರು ಬೆಪ್ಪಾಗುತ್ತಿದ್ದರಂತೆ! ಅಂದರೆ ಲೋಕದ ಮೊದಲ ರೂಟರೇ ಮನೆಯವರು ಮುಟ್ಟಕೂಡದ ಪೆಟ್ಟಿಗೆಯಾಗಿತ್ತು. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣಗಾಯಿತು. ಎದುರು ಪಕ್ಷದ ಇತಿಹಾಸ ಇಷ್ಟು ಹಳೆಯದೆಂದು ಅವನು ಎಣಿಸಿರಲಿಲ್ಲ.

ಅವನ ಪಕ್ಷದ ಇತಿಹಾಸಕ್ಕೂ ಬಡತನವಿಲ್ಲ. ೧೯೮೦ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಜಾಲ ಬೆಳೆದಿತ್ತು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ವೈದ್ಯಕೀಯ ಶಾಲೆಯಲ್ಲಿದ್ದ ವಿಲಿಯಂ ಯೇಗರ್ ಎಂಬಾತ ಒಂದು ಸಣ್ಣ ಕಂಪ್ಯೂಟರಿನ ಮೇಲೆ ಈ ಜಾಲಗಳನ್ನು ಬೆಸೆಯುವ ತಂತ್ರಾಂಶ ಬರೆದ. ಆಂಡಿ ಬೆಕ್ಟೋಲ್‌ಷೈಮ್ ಎಂಬ ವಿದ್ಯಾರ್ಥಿ ರೂಪಿಸಿದ ಹಲಗೆಗೆ ಅದನ್ನು ಹೊಂದಿಸಿದರು. ನೀಲಿ ಡಬ್ಬದಲ್ಲಿಟ್ಟದ್ದರಿಂದ ಅದಕ್ಕೆ ನೀಲಿ ಪೆಟ್ಟಿಗೆಯೆಂದೇ ಹೆಸರಾಯಿತು. ಮಾರಲು ಮಾಡಿದ್ದಲ್ಲ, ಮನೆಯ ಅಗತ್ಯಕ್ಕೆ ಮನೆಯವರೇ ಮಾಡಿಕೊಂಡ ಪದಾರ್ಥ, ಉಪ್ಪಿನಕಾಯಿ ಹಾಕಿದಂತೆ.

ಇಲ್ಲಿಂದ ಮುಂದೆ ಒಂದು ಸ್ಥಳಪುರಾಣವಿದೆ. ಲೆನ್ ಬೊಸ್ಯಾಕ್, ಸ್ಯಾಂಡಿ ಲರ್ನರ್ ಎಂಬ ದಂಪತಿಗಳು ಅದೇ ವಿಶ್ವವಿದ್ಯಾನಿಲಯದಲ್ಲಿ ಬೇರೆ ಬೇರೆ ವಿಭಾಗಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಓಲೆ ಕಳಿಸಲಾರದ ವಿರಹ ತಾಳದೆ ರೂಟರನ್ನು ಕಂಡುಹಿಡಿದರು ಎಂದು. ಕಥೆ ಸೊಗಸಾಗಿದೆ, ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಯೇಗರನ ತಂತ್ರಾಂಶ ಆ ವೇಳೆಗೆ ಓಡುತ್ತಲೇ ಇತ್ತು. ದಂಪತಿಗಳ ಹಿರಿಮೆ ಬೇರೆ: ಇಂಥ ಪೆಟ್ಟಿಗೆಯನ್ನು ಹೊರಗಿನವರೂ ಹಣ ಕೊಟ್ಟು ಕೊಂಡಾರು ಎಂದು ಕಂಡವರು ಅವರು. ೧೯೮೪ರ ಡಿಸೆಂಬರಿನಲ್ಲಿ ಸಿಸ್ಕೊ ಕಂಪನಿಯನ್ನು ಸ್ಥಾಪಿಸಿ, ಮನೆಯ ಹಜಾರದಲ್ಲೇ ಕೆಲಸ ತೊಡಗಿದರು. ವಿಶ್ವವಿದ್ಯಾನಿಲಯಕ್ಕೆ ಇದು ಸರಿದೋರಲಿಲ್ಲ. ನಮ್ಮಲ್ಲಿ ಹುಟ್ಟಿದ್ದನ್ನು ನೀವು ಹೇಗೆ ಮಾರುತ್ತೀರಿ ಎಂಬ ತಕರಾರು ನಡೆದು, ೧೯೮೭ರಲ್ಲಿ ಇತ್ಯರ್ಥವಾಯಿತು. ತಂತ್ರಾಂಶವನ್ನೂ ಹಲಗೆಯ ವಿನ್ಯಾಸವನ್ನೂ ಬಳಸುವ ಹಕ್ಕಿಗೆ ಸಿಸ್ಕೊ ಕೊಟ್ಟದ್ದು ನಗದು ೧೯,೩೦೦ ಡಾಲರು, ಗೌರವಧನವೆಂದು ೧,೫೦,೦೦೦ ಡಾಲರು, ಮೇಲೆ ಪೆಟ್ಟಿಗೆ ಕೊಂಡಾಗ ರಿಯಾಯಿತಿ. ಮುಂದೆ ಆ ಕಂಪನಿ ಬೆಳೆದ ಗಾತ್ರ ನೋಡಿದರೆ ಇದು ವೀಳ್ಯದೆಲೆಯ ಬೆಲೆ.

ಅದೇ ದಶಕದಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯದ ಡೇವಿಡ್ ಮಿಲ್ಸ್ ಎಂಬ ಪ್ರಾಧ್ಯಾಪಕ, ಮೇಜಿನ ಪಕ್ಕದಲ್ಲಿಡಬಹುದಾದ ಸಣ್ಣ ಕಂಪ್ಯೂಟರುಗಳ ಮೇಲೆ ‘ಫಜ್‌ಬಾಲ್’ ಎಂಬ ತನ್ನದೇ ತಂತ್ರಾಂಶವನ್ನು ಓಡಿಸುತ್ತಿದ್ದ. ೧೯೮೬ರಲ್ಲಿ ಅಮೆರಿಕದ ಮಹಾಗಣಕ ಕೇಂದ್ರಗಳನ್ನು ಕೂಡಿಸುವ ಎನ್‌ಎಸ್‌ಎಫ್‌ನೆಟ್ ಎಂಬ ಜಾಲ ಶುರುವಾದಾಗ ಅದರ ಬೆನ್ನೆಲುಬಾದದ್ದು ಈ ಫಜ್‌ಬಾಲುಗಳೇ. ಸೆಕೆಂಡಿಗೆ ೫೬ ಸಾವಿರ ಬಿಟ್ಟುಗಳ ವೇಗ. ಇಂದು ಒಂದು ಫೋಟೋಕ್ಕೂ ಸಾಲದು. ಒಬ್ಬ ಮೇಷ್ಟರ ಕೈಕಸುಬಿನ ಮೇಲೆ ಒಂದು ದೇಶದ ಜಾಲ ನಿಂತಿತ್ತೆಂದು ಓದಿ, ಅದೇ ವೃತ್ತಿಯವನಾದ ನನಗೆ ಕೊಂಚ ಹೆಮ್ಮೆಯಾಯಿತು. ಆತನಿಗೆ ದೃಷ್ಟಿದೋಷವಿತ್ತು, ಕೊನೆಗಾಲದಲ್ಲಿ ಕಣ್ಣು ಪೂರ್ತಿ ಹೋಗಿತ್ತು. ೨೦೨೪ರಲ್ಲಿ ತೀರಿಕೊಂಡ. ನಮ್ಮ ದೇಶದಲ್ಲಿಯೂ ಅದೇ ೧೯೮೬ರಲ್ಲಿ ಅರ್ನೆಟ್ ಎಂಬ ಶಿಕ್ಷಣ ಜಾಲಕ್ಕೆ ತೊಡಗಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಪಾಲುದಾರರಲ್ಲೊಂದು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಬಂದದ್ದು ೧೯೯೫ರ ಆಗಸ್ಟ್ ೧೫ರಂದು.

ಆ ದಿನಗಳಲ್ಲಿ ಮನೆಗೆ ರೂಟರು ಬೇಕಿರಲಿಲ್ಲ. ಮನೆಗೊಂದು ಕಂಪ್ಯೂಟರಿದ್ದರೆ ಅದೇ ದೊಡ್ಡದು. ಎರಡನೆಯದು ಬಂದಾಗಲೇ ಫಜೀತಿ. ಇಂಟರ್ನೆಟ್ಟಿನ ಹಳೆಯ ವಿಳಾಸಪದ್ಧತಿಯಲ್ಲಿ ಒಟ್ಟು ಇರುವುದು ಸುಮಾರು ೪೨೯ ಕೋಟಿ ವಿಳಾಸ. ಲೋಕದ ಜನಸಂಖ್ಯೆಗಿಂತ ಕಡಿಮೆ. ಮನೆಯ ಯಂತ್ರಗಳಿಗೆಲ್ಲ ಒಂದೊಂದು ಕೊಡಲು ಸಾಧ್ಯವಿಲ್ಲ. ೧೯೯೪ರಲ್ಲಿ ಇದಕ್ಕೊಂದು ಉಪಾಯವನ್ನು ಬರೆದಿಟ್ಟರು: ಊರಿಗೆಲ್ಲ ತಿಳಿದಿರುವುದು ಮನೆಯ ಒಂದೇ ವಿಳಾಸ, ಒಳಗಿನವರಿಗೆ ಒಳಗಿನ ಅಡ್ಡಹೆಸರುಗಳು, ಯಾವ ಕಾಗದ ಯಾರಿಗೆಂದು ಬಾಗಿಲಲ್ಲಿ ಕುಳಿತವನು ನೆನಪಿಟ್ಟುಕೊಂಡು ಹಂಚುವುದು. ಅವಿಭಕ್ತ ಕುಟುಂಬದಲ್ಲಿ ಅಜ್ಜನ ಹೆಸರಿಗೆ ಬಂದ ಟಪಾಲನ್ನು ಅಜ್ಜನೇ ಮೊಮ್ಮಕ್ಕಳಿಗೆ ಹಂಚಿದಂತೆ. ಹೀಗೆ ಬಾಗಿಲ ಅಜ್ಜ ಅನಿವಾರ್ಯನಾದ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳು ದುಬಾರಿಯಾಗಿದ್ದಾಗ, ಉತ್ಸಾಹಿಗಳು ಹಳೆಯ ಕಂಪ್ಯೂಟರುಗಳನ್ನೇ ಬಾಗಿಲಲ್ಲಿ ಕೂರಿಸಿದರು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಲಿನಕ್ಸ್ ರೂಟರ್ ಪ್ರಾಜೆಕ್ಟ್ ಎಂಬುದು ಒಂದೇ ಒಂದು ಫ್ಲಾಪಿಯಲ್ಲಿ, ೧.೪೪ ಮೆಗಾಬೈಟಿನಲ್ಲಿ, ಇಡೀ ರೂಟರನ್ನು ಅಡಗಿಸಿತ್ತು. ನಮ್ಮ ಹುಡುಗನ ಅಟ್ಟದ ಯೋಜನೆಗೆ ಅದೇ ಮುತ್ತಜ್ಜ.

ಆಮೇಲೆ ಬಂತು ಈ ಕಥೆಯ ಅತ್ಯಂತ ರಸವತ್ತಾದ ಅಧ್ಯಾಯ. ತೈವಾನಿನಿಂದ ವಲಸೆ ಬಂದ ವಿಕ್ಟರ್ ಮತ್ತು ಜೇನಿ ತ್ಸಾವೊ ದಂಪತಿಗಳು ಕ್ಯಾಲಿಫೋರ್ನಿಯದಲ್ಲಿ ಗರಾಜಿನಲ್ಲಿ ತೊಡಗಿದ ಲಿಂಕ್‌ಸಿಸ್ ಎಂಬ ಕಂಪನಿ ೨೦೦೨ರ ಡಿಸೆಂಬರಿನಲ್ಲಿ ನೀಲಿ ಕಪ್ಪು ಬಣ್ಣದ, ಎರಡು ಕೊಂಬಿನ ಒಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಡಬ್ಲ್ಯುಆರ್‌ಟಿ೫೪ಜಿ. ಮಂತ್ರದ ಬೀಜಾಕ್ಷರದಂತಿದ್ದರೂ ಬಲ್ಲವರಿಗೆ ಪ್ರಿಯವಾದ ಹೆಸರು. ಮೂರು ತಿಂಗಳಲ್ಲಿ ಸಿಸ್ಕೊ, ಸುಮಾರು ೫೦ ಕೋಟಿ ಡಾಲರಿನ ಷೇರು ಕೊಟ್ಟು ಲಿಂಕ್‌ಸಿಸ್ಸನ್ನೇ ಕೊಳ್ಳುವುದಾಗಿ ಸಾರಿತು. ಅದೇ ವರ್ಷ ಜೂನಿನಲ್ಲಿ, ಈ ಪೆಟ್ಟಿಗೆಯ ಹೊಟ್ಟೆಯಲ್ಲಿ ಲಿನಕ್ಸ್ ಇದೆ, ಕಂಪನಿ ಅದನ್ನು ಹೇಳಿಯೇ ಇಲ್ಲ ಎಂಬುದನ್ನು ಆಂಡ್ರೂ ಮಿಕ್ಲಾಸ್ ಎಂಬಾತ ಎತ್ತಿ ತೋರಿಸಿದ.

ಇದರಲ್ಲೇನು ತಪ್ಪು ಎಂದು ಕೇಳಬಹುದು. ಲಿನಕ್ಸನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಅದಕ್ಕೊಂದು ಕಟ್ಟಳೆಯುಂಟು: ತಿದ್ದಿ ಮಾರಿದವನು ತಿದ್ದಿದ ಪಾಠವನ್ನು ಕೊಂಡವರಿಗೆ ಕೊಡತಕ್ಕದ್ದು. ನಮ್ಮ ಓಲೆಗರಿಗಳ ಲೋಕದಲ್ಲಿ ಹೀಗೊಂದು ಕಟ್ಟಳೆಯಿದ್ದಿದ್ದರೆ, ಇಂದು ಹೆಸರು ಮಾತ್ರ ಉಳಿದಿರುವ ಎಷ್ಟು ಕಾವ್ಯಗಳು ನಮಗೆ ದಕ್ಕುತ್ತಿದ್ದವೋ! ಒತ್ತಾಯ ಹೆಚ್ಚಿದ ಮೇಲೆ ಆ ಬೇಸಿಗೆಯಲ್ಲೇ ಕಂಪನಿ ಪಾಠವನ್ನು ಹೊರಗಿಟ್ಟಿತು. ಜನ ಅದರ ಮೇಲೆ ಮುಗಿಬಿದ್ದರು. ೨೦೦೪ರಲ್ಲಿ ಅದನ್ನೇ ಬೀಜವಾಗಿ ಹಿಡಿದು ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ತಂತ್ರಾಂಶ ಮೊಳೆಯಿತು. ಅಗ್ಗದ ಪೆಟ್ಟಿಗೆ ಕೊಂಡು, ಕಂಪನಿಯ ತಂತ್ರಾಂಶವನ್ನು ಅಳಿಸಿ, ಇದನ್ನು ತುಂಬಿದರೆ, ಹತ್ತು ಪಟ್ಟು ಬೆಲೆಯ ಯಂತ್ರಗಳ ಎಷ್ಟೋ ಕೆಲಸಗಳನ್ನು ಅದರಿಂದ ಮಾಡಿಸಬಹುದಾಗಿತ್ತು. ಕಟ್ಟುವುದೋ ಕೊಳ್ಳುವುದೋ ಎಂಬ ಹಳೆಯ ಜಗಳಕ್ಕೆ ನಡುವೆ ಒಂದು ಮೂರನೆಯ ದಾರಿ ಬಿದ್ದಿತು: ಗೋಡೆ ಅವರದು, ಸಂಸಾರ ನಮ್ಮದು.

ಕಂಪನಿ ಸುಮ್ಮನೆ ಕೂರಲಿಲ್ಲ. ೨೦೦೫ರಲ್ಲಿ ಅದೇ ಹೆಸರಿನ, ಅದೇ ಬಣ್ಣದ, ಅದೇ ಕೊಂಬಿನ ಐದನೆಯ ಆವೃತ್ತಿ ಬಂತು. ಒಳಗೆ ಲಿನಕ್ಸ್ ಇರಲಿಲ್ಲ. ಜ್ಞಾಪಕಶಕ್ತಿಯನ್ನು ಅರ್ಧಕ್ಕೆ ಕತ್ತರಿಸಿದ್ದರು, ೧೬ ಮೆಗಾಬೈಟಿದ್ದದ್ದು ೮. ಹಳೆಯ ಗುಣ ಬೇಕೆಂದವರಿಗೆ ಹೆಸರಿನ ಕೊನೆಗೆ ಇನ್ನೊಂದು ಅಕ್ಷರ ಸೇರಿಸಿ, ಬೆಲೆ ಏರಿಸಿ ಬೇರೆ ಮಾರಿದರು. ಹೊರಗಿನ ಹೆಸರನ್ನು ನಂಬಿ ಕೊಂಡವರು ಮೋಸಹೋದರು. ಇಂಥ ಪಾಠ ಕೊಡುವ ಕರ್ತವ್ಯದ ವಿಷಯವಾಗಿ ಸಿಸ್ಕೊ ಮೇಲೆ ೨೦೦೮ರಲ್ಲಿ ನ್ಯಾಯಾಲಯದಲ್ಲಿ ದಾವೆ ಬಿದ್ದು, ಮರುವರ್ಷ ರಾಜಿಯಾಯಿತು. ವಿಶ್ವವಿದ್ಯಾನಿಲಯದ ಮನೆಯಡುಗೆಯಿಂದ ಹುಟ್ಟಿದ ಕಂಪನಿಯೇ ಪಾಕವನ್ನು ಮುಚ್ಚಿಟ್ಟಿತೆಂಬ ಆರೋಪ ಹೊತ್ತದ್ದು ವಿಧಿಯ ವಿನೋದವೆನ್ನಬೇಕು.

ಇಷ್ಟು ಓದುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಹುಡುಗನ ಪಕ್ಷಕ್ಕೆ ವಾಲಿದ್ದೆ. ನಮ್ಮ ಎಂಟು ಗಂಟೆಯ ಕಾಯಿಲೆಯ ಮೂಲ ಸಿಕ್ಕಿದ ಮೇಲಂತೂ ಸಂಶಯವೇ ಉಳಿಯಲಿಲ್ಲ. ೨೦೧೦ರಲ್ಲಿ ಜಿಮ್ ಗೆಟ್ಟಿಸ್ ಎಂಬ ಅನುಭವಿ ಎಂಜಿನಿಯರು ತನ್ನ ಮನೆಯಿಂದ ದೊಡ್ಡ ಕಡತವೊಂದನ್ನು ಕಳಿಸುವಾಗ ಉಳಿದ ಕೆಲಸವೆಲ್ಲ ನಿಂತೇಹೋಗುವುದನ್ನು ಕಂಡ. ಅಳೆದರೆ, ಪೊಟ್ಟಣಗಳು ದಾರಿಯಲ್ಲಿ ಸೆಕೆಂಡಿಗೂ ಹೆಚ್ಚು ಹೊತ್ತು ಕಾಯುತ್ತಿದ್ದವು. ಕಾರಣ ಇಷ್ಟೇ: ಜ್ಞಾಪಕದ ಚಿಪ್ಪುಗಳು ಅಗ್ಗವಾದವೆಂದು ತಯಾರಕರು ಪೆಟ್ಟಿಗೆಯೊಳಗೆ ದೊಡ್ಡ ದೊಡ್ಡ ಕಾಯುವ ಕೋಣೆಗಳನ್ನು ಕಟ್ಟಿದ್ದರು. ಅಂಚೆ ಕಚೇರಿಯಲ್ಲಿ ಐನೂರು ಲಗ್ನಪತ್ರಿಕೆಯ ಚೀಲ ಹೊತ್ತವನ ಹಿಂದೆ, ಒಂದು ಕಾರ್ಡು ಹಾಕಲು ಬಂದ ಮುದುಕಿ ನಿಂತಂತೆ. ಕಚೇರಿಯನ್ನು ವಿಸ್ತರಿಸಿ ಬೆಂಚು ಹೆಚ್ಚಿಸಿದರೆ ಅವಳಿಗೇನು ಬಂತು? ಈ ರೋಗಕ್ಕೆ ಗೆಟ್ಟಿಸ್ ಬಫರ್‌ಬ್ಲೋಟ್, ಎಂದರೆ ಕಾಯುವ ಕೋಣೆಯ ಬಾವು, ಎಂದು ಹೆಸರಿಟ್ಟ.

ಮದ್ದು ಬಂದದ್ದು ೨೦೧೨ರಲ್ಲಿ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಹೇಳಿದ್ದು: ಸಾಲು ಎಷ್ಟು ಉದ್ದವಿದೆ ಎಂದು ನೋಡಬೇಡಿ, ಒಬ್ಬೊಬ್ಬರು ಎಷ್ಟು ಹೊತ್ತು ಕಾದರು ಎಂದು ನೋಡಿ. ಸೆಕೆಂಡಿನ ಸಾವಿರದಲ್ಲಿ ೫ ಭಾಗಕ್ಕೂ ಹೆಚ್ಚಿನ ಕಾಯುವಿಕೆ ಬಿಡದೆ ಮುಂದುವರಿದರೆ ಒಂದು ಪೊಟ್ಟಣವನ್ನು ಬಿಸಾಡಿ. ಕಳಿಸುವವನು ತಾನೇ ನಿಧಾನಿಸುತ್ತಾನೆ. ಇದರೊಡನೆ ಒಬ್ಬೊಬ್ಬರಿಗೂ ಬೇರೆ ಸಾಲು ಮಾಡಿ ಸರದಿಯಂತೆ ಕರೆಯುವ ಏರ್ಪಾಟೂ ಸೇರಿತು. ಡೇವ್ ತಾಟ್ ಎಂಬ ಇನ್ನೊಬ್ಬ ಹಟವಾದಿ, ಸಾಮಾನ್ಯ ಮನೆಗಳ ಅಗ್ಗದ ಪೆಟ್ಟಿಗೆಗಳ ಮೇಲೆಯೇ ಇದನ್ನು ವರ್ಷಗಟ್ಟಲೆ ಪ್ರಯೋಗಿಸಿ ಓಪನ್‌ಡಬ್ಲ್ಯುಆರ್‌ಟಿಯೊಳಗೆ ನೆಲೆಗೊಳಿಸಿದ. ಈತ ೨೦೨೫ರಲ್ಲಿ ಕಾಲವಾದ. ನನ್ನ ತಾಯಿಗೆ ನನ್ನ ಮಾತು ಕೇಳಿಸುವಂತೆ ಮಾಡುವ ವಿದ್ಯೆ ಹದಿಮೂರು ವರ್ಷದಿಂದ ಲೋಕದಲ್ಲಿದ್ದೂ, ನಮ್ಮ ಮನೆಯ ಪೆಟ್ಟಿಗೆಯೊಳಕ್ಕೆ ಬಂದಿರಲಿಲ್ಲ.

ಎರಡನೆಯ ಸಲ ಪಂಚಾಯಿತಿ ಸೇರಿದಾಗ ನಾನು ಇದನ್ನೆಲ್ಲ ಉತ್ಸಾಹದಿಂದ ನಿವೇದಿಸಿದೆ. ನನ್ನ ಹೆಂಡತಿ ಕೊನೆಯವರೆಗೆ ಕೇಳಿ, ಹುಡುಗನ ಕಡೆ ತಿರುಗಿ, “ಜುಲೈನಲ್ಲಿ ನೀನು ಕೆಲಸಕ್ಕೆ ಪುಣೆಗೆ ಹೋಗ್ತೀಯಲ್ಲ, ಆಮೇಲೆ ಈ ಗಿಡಕ್ಕೆ ನೀರು ಹಾಕೋರು ಯಾರು?” ಎಂದಳು.

ಅವನು ಉತ್ತರಿಸಲಿಲ್ಲ. ನನ್ನ ಅರ್ಧ ಉತ್ಸಾಹ ಅಲ್ಲೇ ಇಳಿಯಿತು. ಮರುದಿನ ಇದೇ ದೃಷ್ಟಿಯಿಂದ ಇತಿಹಾಸವನ್ನು ಮತ್ತೆ ತಿರುವಿ ನೋಡಿದೆ. ೨೦೦೩ರಲ್ಲಿ ಸ್ವಿಟ್ಜರ್ಲೆಂಡಿನ ಮಾನುಯೆಲ್ ಕಾಸ್ಪರ್ ಎಂಬಾತ ಮೊನೊವಾಲ್ ಎಂಬ ಸೊಗಸಾದ ರೂಟರು ತಂತ್ರಾಂಶವನ್ನು ಒಬ್ಬನೇ ತೊಡಗಿ ಬೆಳೆಸಿದ್ದ. ಲೋಕದಲ್ಲೆಲ್ಲ ಜನ ಅದನ್ನು ಬಳಸಿದರು. ೨೦೧೫ರ ಫೆಬ್ರವರಿಯಲ್ಲಿ, ಇನ್ನು ಸಾಕು ಎಂದು ಆತ ನಿಲ್ಲಿಸಿದ. ನಿಲ್ಲಿಸುವಾಗ, ತನ್ನದರ ಸಂತಾನವಾದ ಓಪಿಎನ್‌ಸೆನ್ಸ್ ಎಂಬುದನ್ನು ಬಳಸಿ ಎಂದು ದಾರಿ ತೋರಿಸಿಯೇ ಹೋದ. ಎಲ್ಲರೂ ಅಷ್ಟು ಸಜ್ಜನರಲ್ಲ. ಸ್ವಂತ ರೂಟರು ಕಟ್ಟುವವರಿಗೆ ಬಹುಕಾಲ ಅಚ್ಚುಮೆಚ್ಚಾಗಿದ್ದ, ಸದ್ದಿಲ್ಲದ ಸಣ್ಣ ಹಲಗೆಗಳನ್ನು ಮಾಡುತ್ತಿದ್ದ ಪಿಸಿ ಎಂಜಿನ್ಸ್ ಎಂಬ ಸ್ವಿಸ್ ಕಂಪನಿಯೂ ೨೦೨೩ರಲ್ಲಿ ಅವುಗಳಿಗೆ ಮಂಗಳ ಹಾಡುವುದಾಗಿ ತಿಳಿಸಿತು. ಕಟ್ಟಿದವನು ಎದ್ದುಹೋದ ಮೇಲೆ ಕಟ್ಟಡ ಎಷ್ಟು ದಿನ?

ಹಾಗೆಂದು ಕಂಪನಿಗೆ ಬೀಗದ ಕೈ ಕೊಟ್ಟು ನಿಶ್ಚಿಂತರಾಗಿರಬಹುದೇ? ದೂರದಿಂದಲೇ ಮನೆಮನೆಯ ಪೆಟ್ಟಿಗೆಯನ್ನು ತಿದ್ದುವ ಒಂದು ಕ್ರಮವನ್ನು ೨೦೦೪ರಲ್ಲಿ ಉದ್ಯಮದವರು ಗೊತ್ತುಮಾಡಿಕೊಂಡರು. ಹಾರ್ಟನ ಕೇಂಬ್ರಿಜ್ ಪದ್ಧತಿಯೇ ದೊಡ್ಡದಾದದ್ದು. ಅದರಿಂದ ಅನುಕೂಲವೂ ಉಂಟು. ಆದರೆ ೨೦೧೬ರ ನವೆಂಬರಿನಲ್ಲಿ ಕಳ್ಳತಂತ್ರಾಂಶವೊಂದು ಇದೇ ಕ್ರಮಕ್ಕೆಂದು ತೆರೆದಿಟ್ಟ ಬಾಗಿಲನ್ನು ಬಡಿದು ನೋಡುತ್ತಾ ಹೋದಾಗ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು ೯ ಲಕ್ಷ ಗ್ರಾಹಕರ ಪೆಟ್ಟಿಗೆಗಳು ತತ್ತರಿಸಿದವು. ೨೦೧೮ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಪಿಡುಗು ೫೪ ದೇಶಗಳಲ್ಲಿ ಕನಿಷ್ಠ ೫ ಲಕ್ಷ ಪೆಟ್ಟಿಗೆಗಳನ್ನು ಹೊಕ್ಕಿತ್ತು. ಎಲ್ಲರೂ ರೂಟರನ್ನು ಒಮ್ಮೆ ಆರಿಸಿ ಹಚ್ಚಿ ಎಂದು ಅಮೆರಿಕದ ಎಫ್‌ಬಿಐ ಪ್ರಕಟಣೆ ಹೊರಡಿಸಬೇಕಾಯಿತು. ಅದೇ ಜರ್ಮನಿಯಲ್ಲಿ ೨೦೧೬ರ ಆಗಸ್ಟ್ ೧ರಿಂದ, ಗ್ರಾಹಕ ತನಗೆ ಬೇಕಾದ ರೂಟರನ್ನು ಇಟ್ಟುಕೊಳ್ಳಬಹುದು, ಅದಕ್ಕೆ ಬೇಕಾದ ವಿವರಗಳನ್ನು ಕಂಪನಿ ಕೊಡಲೇಬೇಕು ಎಂಬ ಕಾನೂನು ಜಾರಿಗೆ ಬಂತು. ನಮ್ಮ ಮನೆಯ ಪೆಟ್ಟಿಗೆಯ ಗುಪ್ತಪದ, ಅದನ್ನು ಜೋಡಿಸಲು ಬಂದ ಹುಡುಗ ಇಟ್ಟುಹೋದದ್ದು, ನನ್ನ ದೂರವಾಣಿ ಸಂಖ್ಯೆ. ನಾಲ್ಕು ವರ್ಷದಿಂದ ಅದೇ ಇತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರನೆಯ ಬೈಠಕ್ಕಿನಲ್ಲಿ ತೀರ್ಮಾನವಾಯಿತು. ಅಟ್ಟದ ಕಂಪ್ಯೂಟರು ಬೇಡ. ಅದು ೫೦ ವ್ಯಾಟ್ ತಿಂದರೂ ಹಗಲಿರುಳು ಓಡಿ ವರ್ಷಕ್ಕೆ ೪೩೮ ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿಯಂತೆ ೨,೬೨೮ ರೂಪಾಯಿ. ಕರೆಂಟು ಹೋದಾಗ ಇನ್ವರ್ಟರಿಗೂ ಭಾರ. ಮೇಲಾಗಿ ಅದನ್ನು ಬಿಚ್ಚಿ ನೋಡುವ ಧೈರ್ಯ ನನಗಿಲ್ಲ. ಕಂಪನಿಯ ಪೆಟ್ಟಿಗೆ ಬೆಳಕಿನ ತಂತಿಯನ್ನು ಇಳಿಸಿಕೊಳ್ಳುವ ಕೆಲಸವನ್ನಷ್ಟೇ ಮಾಡಲಿ. ಅದರ ಮುಂದೆ ನಮ್ಮದೊಂದು ಸಣ್ಣ ರೂಟರು, ಓಪನ್‌ಡಬ್ಲ್ಯುಆರ್‌ಟಿ ತುಂಬಿದ್ದು, ಇರಲಿ. ನಾನು ಒಂದು ಷರತ್ತು ಹಾಕಿದೆ. ಕೆಲಸವನ್ನೆಲ್ಲ ಮಾಡುವುದು ನಾನು. ಹುಡುಗ ಪಕ್ಕದಲ್ಲಿ ಕೈಕಟ್ಟಿ ಕೂತು ಹೇಳತಕ್ಕದ್ದು. ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತಕ್ಕದ್ದು.

ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯವನು ಪೆಟ್ಟಿಗೆ ಮುಂದಿಟ್ಟ ಕೂಡಲೇ ಹುಡುಗ ಅದನ್ನು ಬೋರಲು ಹಾಕಿ ತಳದ ಚೀಟಿಯನ್ನು ಕಣ್ಣಿಗೆ ಹಿಡಿದು ಓದಿದ. “ವರ್ಷನ್ ಬೇರೆ, ಇದು ಆಗಲ್ಲ” ಎಂದ. ಎರಡನೆಯ ಅಂಗಡಿಯಲ್ಲೂ ಹಾಗೆಯೇ. “ಎಲ್ಲಾ ಒಂದೇ ಸಾರ್, ಹೆಸರು ನೋಡಿ” ಎಂದು ಅಂಗಡಿಯವನು ನನಗೆ ಹೇಳಿದ. ೨೦೦೫ರ ಐದನೆಯ ಆವೃತ್ತಿಯ ಕಥೆಯನ್ನು ಆತನಿಗೆ ಹೇಳೋಣವೆನಿಸಿತು. ಬಿಸಿಲು ಜೋರಾಗಿತ್ತು, ಬಿಟ್ಟೆ. ನಾಲ್ಕನೆಯ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು.

ತಂತ್ರಾಂಶ ತುಂಬುವ ಮೂರು ನಿಮಿಷ ನನಗೆ ಮೂರು ಗಳಿಗೆಯಾಯಿತು. ನಡುವೆ ಕರೆಂಟು ಹೋದರೆ, “ಇಟ್ಟಿಗೆ ಆಗುತ್ತೆ ಚಿಕ್ಕಪ್ಪ, ಗೋಡೆ ಕಟ್ಟೋಕೆ ಇಟ್ಕೋಬಹುದು” ಎಂದು ಹುಡುಗ ಮೊದಲೇ ಹೆದರಿಸಿದ್ದ. (ಈ ಭಯವಿಲ್ಲದಂತೆ ಮಾಡಿದ ಪೆಟ್ಟಿಗೆಯೊಂದು ಈಗ ಇದೆ. ೨೦೨೪ರ ನವೆಂಬರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿಯವರು ತಾವೇ ವಿನ್ಯಾಸಕ್ಕೆ ಕೈಹಾಕಿ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬುದನ್ನು ೮೯ ಡಾಲರಿಗೆ ಹೊರತಂದರು. ಕಂಪನಿಯ ಪೆಟ್ಟಿಗೆಯಿಂದ ಕಾಡಿ ಪಡೆದ ಪಾಠ ಇಪ್ಪತ್ತು ವರ್ಷಕ್ಕೆ ತನ್ನದೇ ಪೆಟ್ಟಿಗೆಯನ್ನು ಪಡೆಯಿತು.) ಕಂಪನಿಯ ಪೆಟ್ಟಿಗೆಯನ್ನು ‘ಬ್ರಿಡ್ಜ್’ ಸ್ಥಿತಿಗೆ ತಿರುಗಿಸಿಕೊಡಲು ನಾಲ್ಕು ಸಲ ಫೋನು ಮಾಡಬೇಕಾಯಿತು, ಐದನೆಯ ದಿನ ಬಂದ ಹುಡುಗ ಐದು ನಿಮಿಷದಲ್ಲಿ ಮಾಡಿಹೋದ. ಸಾಲು ನೋಡಿಕೊಳ್ಳುವ ಏರ್ಪಾಟನ್ನು ತಂತಿಯ ವೇಗದ ನೂರರಲ್ಲಿ ತೊಂಬತ್ತ ಭಾಗಕ್ಕೆ ನಿಲ್ಲಿಸಿದೆವು. ಹತ್ತು ಭಾಗ ಬಿಟ್ಟುಕೊಟ್ಟರೆ ಸಾಲು ಅವರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮದರಲ್ಲೇ ನಿಲ್ಲುತ್ತದೆಯಂತೆ. ಅಂದು ಎಂಟಕ್ಕೆ ಹೆಂಡತಿಯ ಫೋಟೋಗಳೂ ಹೋದವು, ನನ್ನ ಮಾತೂ ಹೋಯಿತು. ಮಾರನೆಯ ತಿಂಗಳಿಂದ ಹಳೆಯ ಅಗ್ಗದ ಯೋಜನೆಗೇ ಮರಳಿದೆವು.

ಹುಡುಗ ಜುಲೈನಲ್ಲಿ ಪುಣೆಗೆ ಹೋದ. ಆಗಸ್ಟಿನಲ್ಲಿ ಒಂದು ಸಂಜೆ ಗುಡುಗು ಸಿಡಿಲಿನ ಮಳೆ. ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆಯ ದೀಪ ಕೆಂಪಗೇ ಉಳಿಯಿತು. ಅವನಿಗೆ ಫೋನು ಮಾಡಲು ಕೈ ಹೋಯಿತು; ತಡೆದುಕೊಂಡು ನೋಟ್‌ಬುಕ್ ತೆರೆದೆ. ಏಳನೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿತ್ತು: ‘ಎರಡನ್ನೂ ಆರಿಸು. ಮೊದಲು ಅವರದನ್ನು ಹಚ್ಚು. ಎರಡು ನಿಮಿಷ ಕಾಯಿ. ಆಮೇಲೆ ನಮ್ಮದು.’ ಹಾಗೆಯೇ ಮಾಡಿದೆ. ದೀಪ ಹಸಿರಾಗುವಾಗ ಎಂಟೂ ಇಪ್ಪತ್ತು.

“ಇವತ್ತು ಎಂತಕ್ಕೆ ತಡ?” ಎಂದರು ಅಮ್ಮ.

“ಕರೆಂಟ್ ಹೋಗಿತ್ತಮ್ಮ.”

“ಇಲ್ಲೂ ಹೋಗಿತ್ತು” ಎಂದು, ತೋಟದಲ್ಲಿ ಬಿದ್ದ ಎರಡು ಅಡಿಕೆ ಮರದ ಸುದ್ದಿ ಹೇಳತೊಡಗಿದರು.